ಬಾರದವರ ಲೆಕ್ಕ

ನನ್ನ ತಮ್ಮನದು ಆಟಿಸಂ ಎಂಬ ಸ್ಥಿತಿಯೆಂದು ನಮ್ಮ ಮನೆಗೆ ತಿಳಿದದ್ದು ಅವನಿಗೆ ಒಂಬತ್ತು ತುಂಬಿದ ಮೇಲೆ. ಅದುವರೆಗೆ ಊರಿನವರ ಬಾಯಲ್ಲಿ ಅವನು ‘ಮೂಗ’. ಕರೆದರೆ ತಿರುಗಿ ನೋಡನು. ಸೈಕಲ್ಲಿನ ಚಕ್ರ ತಿರುಗಿಸುತ್ತ ಇಡೀ ಹೊತ್ತು ಕಳೆಯುವನು. ಅಜ್ಜಿ ದೃಷ್ಟಿ ತೆಗೆದಳು, ಅವ್ವ ಹರಕೆ ಹೊತ್ತಳು, ಅಪ್ಪ ಸಾಲ ಮಾಡಿದ. ತಾಲ್ಲೂಕು ಪಟ್ಟಣದ ಉಪಾಧ್ಯಾಯ ದಂಪತಿಗಳ ಮಗನಿಗಾದರೋ ಮೂರನೆಯ ವರ್ಷದಲ್ಲೇ ತಜ್ಞರ ಪರೀಕ್ಷೆ ನಡೆದು, ಮಾತಿನ ತರಬೇತಿ ಮೊದಲಾಗಿತ್ತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ; ಆದರೆ ಆರು ವರ್ಷಗಳ ಈ ಅಂತರ ಯಾತರದು ಎಂದು ಕೇಳದಿರಲಾರೆ.

೧೯೪೩ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇಂಥ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆ ಮಕ್ಕಳು ಬುದ್ಧಿವಂತರ ಮನೆತನಗಳಿಂದ ಬಂದವರೆಂದೂ ತಂದೆತಾಯಿಗಳಲ್ಲಿ ಬೆಚ್ಚನೆಯ ಹೃದಯದವರು ವಿರಳವೆಂದೂ ಬರೆದರು. ಇದರಿಂದ ಎರಡು ಅನರ್ಥಗಳು ಹುಟ್ಟಿದುವು. ತಾಯಿಯ ತಣ್ಣನೆಯ ಮನಸ್ಸೇ ಕಾರಣವೆಂಬ ನಿಂದೆ ಒಂದು. ಅದನ್ನು ವಿಜ್ಞಾನ ಎಂದೋ ತಳ್ಳಿಹಾಕಿದೆ. ಇದು ಓದಿದವರ ಮನೆಯ ಬೇನೆ ಎಂಬ ಭಾವನೆ ಇನ್ನೊಂದು. ಅದು ಬಹುಕಾಲ ಬಾಳಿತು. ಆದರೆ ಬಾಲ್ಟಿಮೋರ್ ನಗರದ ಆ ದೊಡ್ಡ ಆಸ್ಪತ್ರೆಯ ಬಾಗಿಲು ಮುಟ್ಟಬಲ್ಲವರು ಯಾರು? ಬಂದವರನ್ನು ಎಣಿಸಿದರೆ ಬಾರದವರ ಲೆಕ್ಕ ಸಿಕ್ಕೀತೆ? ಚಿಕಿತ್ಸೆಗೆ ಹಣದ ತಡೆ ಅಷ್ಟಾಗಿಲ್ಲದ ಸ್ವೀಡನ್ನಿನಲ್ಲಿ, ಸ್ಟಾಕ್‌ಹೋಮ್ ಪ್ರಾಂತದ ಮಕ್ಕಳನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಡಮೆ ಆದಾಯದ ಮನೆಗಳಲ್ಲೇ ಆಟಿಸಂ ಹೆಚ್ಚಾಗಿ ಕಂಡುಬಂದಿತು.

ಇನ್ನು ನಮ್ಮ ಆದಾಯದ ಮಾತು. ಇಬ್ಬರು ದುಡಿಯುತ್ತಿದ್ದ ಮನೆಯಲ್ಲಿ, ತಮ್ಮನನ್ನು ಕಾಯಲೆಂದು ಅವ್ವ ಕೂಲಿ ಬಿಟ್ಟಳು. ಬಡತನದಿಂದ ಮಗುವಿನ ಆರೈಕೆ ತಡವಾಗುವುದುಂಟು. ಆರೈಕೆಯಿಂದಲೇ ಬಡತನ ಹೆಚ್ಚುವುದೂ ಉಂಟು. ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ನಮ್ಮೂರಿನಿಂದ ಹೋಗಿಬರಲು ಎರಡು ದಿನ. ಅಪ್ಪನಿಗೆ ಎರಡು ದಿನದ ಕೂಲಿ ನಷ್ಟ. ೨೦೧೬ರ ಕಾಯಿದೆ ಆಟಿಸಮ್ಮನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ, ನಿಜ. ಆದರೆ ಸರ್ಟಿಫಿಕೇಟಿನ ಅರ್ಜಿ ತುಂಬಲು ಮನೆಯಲ್ಲಿ ಬಿ.ಎ. ಓದುವವನೊಬ್ಬ ಬೇಕಾಯಿತು.

ಪರೀಕ್ಷೆಯ ದಿನ ಅಲ್ಲಿದ್ದವರೊಬ್ಬರು, “ಓದಿದ್ದರೆ ಮೊದಲೇ ಗೊತ್ತಾಗುತ್ತಿತ್ತು” ಎಂದು ಅವ್ವನಿಗೆ ಹೇಳಿದರು. ಅವಳು ತಲೆ ತಗ್ಗಿಸಿದಳು. ಮಗು ಎಂದಿನಿಂದ ಬೆರಳು ಮಾಡಿ ತೋರಿಸುವುದಿಲ್ಲ, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆ, ಏನನ್ನು ಉಣ್ಣುವುದಿಲ್ಲ—ಇಷ್ಟನ್ನೂ ವೈದ್ಯರಿಗೆ ತಡವರಿಸದೆ ಹೇಳಿದವಳು ಅವಳೇ. ಇವುಗಳಿಗೆ ಒಂದು ಹೆಸರಿದೆಯೆಂದು ಅವಳಿಗೆ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೆ. ಪದವಿ ಪಡೆಯಲಿರುವ ನನಗೂ ಗೊತ್ತಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮೂರ ಅಂಗನವಾಡಿಯ ಗೋಡೆಯ ಮೇಲೆ ಲಸಿಕೆಯ ವಿವರ ಬರೆದಿದೆ. ಅದನ್ನು ನೋಡಿಯೇ ಅವ್ವ ಚುಚ್ಚುಮದ್ದೊಂದನ್ನೂ ತಪ್ಪಿಸಲಿಲ್ಲ, ಓದಿ ಹೇಳುತ್ತಿದ್ದವನು ನಾನು. ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ ಮಗುವನ್ನು ಬೇಗ ವೈದ್ಯರಿಗೆ ತೋರಿಸಿ ಎಂಬ ಸಾಲೊಂದಕ್ಕೆ ಅದರ ಕೆಳಗೆ ಇನ್ನೂ ಜಾಗವಿದೆ.