ಕಲ್ಲು ನೋಡೋಕೆ ನಾನೂರು ಡಾಲರ್ರೇ?

'ಕಲ್ಲು ನೋಡೋಕೆ ನಾನೂರು ಡಾಲರ್ರೇ? ನಿಂಗೇನ್ ತಲೆಗಿಲೆ ಕೆಟ್ಟಿದೆಯೇನೋ?'

ಈ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ಅಪ್ಪ ಹೀಗಂದಾಗ ನಾನು ಕಾರಿನ ಕೀ ಹುಡುಕ್ತಾ ಇದ್ದೆ. ಯಾರ್‍ಯಾರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದು ಹೋಗಿದಾರೋ ಅವರಿಗೆಲ್ಲ ಈ ಲೆಕ್ಕ ಗೊತ್ತೇ ಇರುತ್ತೆ. ಡಾಲರಿನಲ್ಲಿ ಹೇಳಿದ ಯಾವ ಬೆಲೆಯೇ ಆಗಲಿ, ಅವರ ಕಿವಿ ಮುಟ್ಟುವಷ್ಟರಲ್ಲಿ ರೂಪಾಯಿ ಆಗಿರುತ್ತೆ. ಮೂವತ್ತು ಸಾವಿರದ ಮೇಲಾಯ್ತಲ್ಲೋ, ಅಷ್ಟಕ್ಕೆ ಯಾಣ, ಹಂಪಿ, ಬಾದಾಮಿ ಎಲ್ಲ ನೋಡಿಕೊಂಡು ಬರಬಹುದಿತ್ತು ಅನ್ನೋದು ಅಪ್ಪನ ವಾದ. ಅದೂ ನಿಜವೇ ಬಿಡಿ.

ಆದರೆ ನನ್ನ ಕಷ್ಟ ನನಗೆ. ನಯಾಗರ ಆಗಿತ್ತು, ಲಿಬರ್ಟಿ ಸ್ಟ್ಯಾಚ್ಯೂ ಆಗಿತ್ತು, ಬ್ರಿಜ್‌ವಾಟರ್ ವೆಂಕಟೇಶ್ವರ ದೇವಸ್ಥಾನ, ರಾಬಿನ್ಸ್‌ವಿಲ್‌ನ ಅಕ್ಷರಧಾಮ ಎಲ್ಲ ಆಗಿತ್ತು. ಇಷ್ಟೆಲ್ಲ ನೋಡಿ ಬಂದ ಮೇಲೂ ಎಪ್ಪತ್ತೆಂಟರ ಅಪ್ಪನಿಗೆ ಖುಷಿ ಕೊಟ್ಟಿದ್ದು ಒಂದೇ - ಮನೆ ಮುಂದಿನ ರಸ್ತೆಗೆ ಮೂರು ದಿನದಿಂದ ಡಾಂಬರು ಹಾಕ್ತಾ ಇದ್ದ ಕೆಲಸಗಾರರು! ಪಿಡಬ್ಲ್ಯೂಡಿಯಲ್ಲಿ ಓವರ್‌ಸಿಯರ್ ಆಗಿ ಸೇರಿ ಮೂವತ್ತು ಚಿಲ್ಲರೆ ವರ್ಷ ರಸ್ತೆ ಹಾಕಿಸಿದ ಮನುಷ್ಯ, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು 'ರೋಲರ್ ಇನ್ನೊಂದು ಸಲ ಹೋಗ್ಬೇಕಿತ್ತು' ಅಂತ ತಾನೇ ಗೊಣಗಿಕೊಳ್ತಾ ಕೂರ್ತಿದ್ದ. ಮಂಡಿ ನೋವು, ಬಸ್ ಟೂರಿಗೆ ಕಳಿಸೋ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಸಿಕ್ಕವರು ಈ ಗೈಡು - ಹೈಸ್ಕೂಲಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟು ರಿಟೈರ್ ಆದ ಅಮೆರಿಕನ್ ಮೇಷ್ಟ್ರು. ಒಂದು ದಿನಕ್ಕೆ ಒಂದೇ ಸಂಸಾರ, ಅವರದೇ ವ್ಯಾನು, ನಡೆಯೋದು ನಮ್ಮ ಕೈಲಿ ಆದಷ್ಟು. ತೋರಿಸೋದು ಹಡ್ಸನ್ ನದಿ ದಂಡೆಯ ಪ್ಯಾಲಿಸೇಡ್ಸ್ ಬಂಡೆಗಳನ್ನ.

ಪ್ಯಾಲಿಸೇಡ್ಸ್ ಅಂದ್ರೆ ಗೊತ್ತಲ್ಲ, ಮ್ಯಾನ್‌ಹಾಟನ್‌ನಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ನದಿಯಾಚೆ ನ್ಯೂ ಜೆರ್ಸಿ ಕಡೆ ಗೋಡೆ ಕಟ್ಟಿದ ಹಾಗೆ ಕಾಣುತ್ತಲ್ಲ, ಅದೇ. ಮರದ ಗೂಟಗಳನ್ನ ಸಾಲಾಗಿ ನೆಟ್ಟು ಮಾಡಿದ ಬೇಲಿಗೆ ಇಂಗ್ಲೀಷಿನಲ್ಲಿ ಹಾಗಂತಾರೆ. ಜೆರ್ಸಿ ಸಿಟಿಯಿಂದ ಉತ್ತರಕ್ಕೆ ನಯಾಕ್‌ವರೆಗೆ ಸುಮಾರು ಇಪ್ಪತ್ತು ಮೈಲಿ. ಅದರ ನೆತ್ತಿಯ ಮೇಲಿನ ಪಾರ್ಕ್‌ವೇಯಲ್ಲಿ ನಾನು ಹದಿನೈದು ವರ್ಷದಿಂದ ಓಡಾಡಿದೀನಿ, ಒಂದು ದಿನವೂ ನಿಲ್ಲಿಸಿ ನೋಡಿದವನಲ್ಲ!

ಫೋರ್ಟ್ ಲೀ ಪಾರ್ಕಿನಲ್ಲಿ ಕಾರು ಬಿಟ್ಟು ವ್ಯಾನು ಹತ್ತಿದೆವು. ಅಪ್ಪ ಮೊದಲ ಐದು ನಿಮಿಷದಲ್ಲೇ ಅವರನ್ನ 'ಮೇಷ್ಟ್ರೇ' ಅಂತ ಕರೆಯೋಕೆ ಶುರು ಮಾಡಿದ. ಅವರು 'ಮಾಸ್ಟರ್' ಅಂತ ಕೇಳಿಸಿಕೊಂಡು ನಾಚಿಕೊಂಡರು. ನಾನು ತಿದ್ದಲಿಕ್ಕೆ ಹೋಗಲಿಲ್ಲ. ಜಾರ್ಜ್ ವಾಷಿಂಗ್ಟನ್ 1776ರಲ್ಲಿ ಇಲ್ಲಿ ನಿಂತು ಎದುರು ದಡದ ತನ್ನ ಕೋಟೆ ಬ್ರಿಟಿಷರ ಪಾಲಾಗೋದನ್ನ ನೋಡಿದ ಅನ್ನೋದು, 1914ರ ಹೊತ್ತಿಗೆ ಫೋರ್ಟ್ ಲೀ ಹಾಲಿವುಡ್ಡಿಗಿಂತ ದೊಡ್ಡ ಸಿನಿಮಾ ಊರಾಗಿತ್ತು, ಹೀರೋಯಿನ್‌ಗಳನ್ನ ಇದೇ ಬಂಡೆ ಅಂಚಿಗೆ ನೇತು ಹಾಕ್ತಿದ್ರು ಅನ್ನೋದು, ಇವೆಲ್ಲ ಬಂದು ಹೋದವು. ಅಪ್ಪ ರಾಮನಗರದ ಬೆಟ್ಟ, 'ಶೋಲೆ' ಅಂತ ಶುರು ಹಚ್ಚಿದ, ಮೇಷ್ಟ್ರು ತಲೆ ಆಡಿಸಿದರು.

ಬಂಡೆ ಬುಡದಲ್ಲಿ, ನದಿಗೆ ಅಂಟಿಕೊಂಡು ಹೆನ್ರಿ ಹಡ್ಸನ್ ಡ್ರೈವ್ ಅಂತ ಒಂದು ಕಿರಿದಾದ ರಸ್ತೆ ಇದೆ (ಚಳಿಗಾಲದಲ್ಲಿ ಮುಚ್ಚಿರ್ತಾರೆ, ಹೋಗೋರು ನೋಡಿಕೊಂಡು ಹೋಗಿ). ಅಲ್ಲಿ ನಿಲ್ಲಿಸಿ ತಲೆ ಎತ್ತಿ ನೋಡಿದಾಗಲೇ ನನಗೆ ಗೊತ್ತಾಗಿದ್ದು ಇದು ಎಷ್ಟು ಎತ್ತರ ಅಂತ. ಸುಮಾರು ಇಪ್ಪತ್ತು ಕೋಟಿ ವರ್ಷದ ಹಿಂದೆ, ಆಫ್ರಿಕಾ ಮತ್ತು ಅಮೆರಿಕ ಒಂದೇ ನೆಲವಾಗಿದ್ದದ್ದು ಬಿರುಕು ಬಿಡೋಕೆ ಶುರುವಾದಾಗ, ಕರಗಿದ ಕಲ್ಲು ಕೆಳಗಿನಿಂದ ನುಗ್ಗಿ ಬಂದು, ಮೇಲೆ ಬರಲಾಗದೆ ಮರಳುಗಲ್ಲಿನ ಪದರಗಳ ನಡುವೆಯೇ ಸಾವಿರ ಅಡಿಯಷ್ಟು ದಪ್ಪಕ್ಕೆ ಹರಡಿಕೊಂಡಿತಂತೆ. ಮೇಷ್ಟ್ರು ಸ್ಯಾಂಡ್‌ವಿಚ್ಚಿನ ಉದಾಹರಣೆ ಕೊಟ್ಟರು, ನಾನು ಅಪ್ಪನಿಗೆ ಒಬ್ಬಟ್ಟು ಮಾಡಿ ಹೇಳಿದೆ - ಕಣಕದ ಮಧ್ಯೆ ಹೂರಣ, ಮೇಲಿನ ಕಣಕ ಕೋಟ್ಯಂತರ ವರ್ಷದ ಮಳೆಗಾಳಿಗೆ ಸವೆದು ಹೋಯ್ತು, ಈಗ ಕಾಣ್ತಿರೋದು ಹೂರಣದ ಅಂಚು. 'ಅದ್ಸರಿ, ಕಂಬ ಕಂಬ ಯಾಕಾಯ್ತು?' ಅಂದ ಅಪ್ಪ. ಬಿಸಿ ಕಲ್ಲು ಆರುವಾಗ ಕುಗ್ಗುತ್ತೆ, ಕುಗ್ಗುವಾಗ ಬಿರುಕು ಬಿಡುತ್ತೆ ಅಂತ ಮೇಷ್ಟ್ರು ಹೇಳಿದ್ದನ್ನ ನಾನು ಕನ್ನಡಕ್ಕೆ ತರುವ ಮೊದಲೇ ಅಪ್ಪ 'ಬೇಸಿಗೇಲಿ ಕೆರೆ ಅಂಗಳ ಸೀಳುತ್ತಲ್ಲ, ಹಂಗೆ' ಅಂತ ಮುಗಿಸಿದ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂಥವೇ ಕಂಬಗಳಿವೆಯಲ್ಲ, ಅವು ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು, ಎಂಟೂಮುಕ್ಕಾಲು ಕೋಟಿ ವರ್ಷದ ಆಸುಪಾಸು. ಹಾಗೆ ನೋಡಿದರೆ ಮಲ್ಪೆಯದು ಇನ್ನೂ ಎಳೇ ಕೂಸು.

ಮೇಷ್ಟ್ರು ಒಂದು ಕಡೆ ನಿಲ್ಲಿಸಿ, 'ಇಲ್ಲಿ ಬಂಡೆ ಒಡೀತಿದ್ರು' ಅಂದರು. ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತ.

1890ರ ದಶಕದಲ್ಲಿ ನ್ಯೂಯಾರ್ಕ್ ಬೆಳೀತಾ ಇತ್ತು, ರಸ್ತೆಗೆ, ಕಾಂಕ್ರೀಟಿಗೆ ಜಲ್ಲಿ ಬೇಕಿತ್ತು. ಈ ಕರಿಕಲ್ಲು ಗಟ್ಟಿ, ಪಕ್ಕದಲ್ಲೇ ನದಿ, ದೋಣಿಗೆ ತುಂಬಿದರೆ ಆಯ್ತು. ಕಾರ್ಪೆಂಟರ್ ಬ್ರದರ್ಸ್ ಅನ್ನೋ ಕಂಪನಿ ಈಗಿನ ಜಾರ್ಜ್ ವಾಷಿಂಗ್ಟನ್ ಬ್ರಿಜ್ಜಿನ ಉತ್ತರಕ್ಕೆ ಡೈನಮೈಟ್ ಇಟ್ಟು ದಿನಾ ಉಡಾಯಿಸ್ತಾ ಇತ್ತು. ಇಂಡಿಯನ್ ಹೆಡ್ ಅಂತ ಹೆಸರಿದ್ದ ದೊಡ್ಡ ಬಂಡೆಯೊಂದು 1898ರಲ್ಲಿ ಹೋಯ್ತು. ಇದರ ವಿರುದ್ಧ ಎದ್ದವರು ಯಾರು ಅಂದ್ರೆ ನ್ಯೂ ಜೆರ್ಸಿಯ ಮಹಿಳಾ ಸಂಘಗಳ ಒಕ್ಕೂಟದವರು. ಆಗ ಅವರಿಗೆ ಓಟೂ ಇರಲಿಲ್ಲ ನೋಡಿ! ಹಾಳಾಗಿರೋದನ್ನ ಕಣ್ಣಾರೆ ನೋಡಬೇಕು ಅಂತ ದೋಣಿ ಮಾಡಿಕೊಂಡು ನದಿಗೇ ಇಳಿದರಂತೆ. ಕೊನೆಗೆ 1900ರಲ್ಲಿ ಎರಡೂ ರಾಜ್ಯ ಸೇರಿ ಒಂದು ಕಮಿಷನ್ ಮಾಡಿದವು. ಥಿಯೊಡೋರ್ ರೂಸ್‌ವೆಲ್ಟ್ ಆಗ ನ್ಯೂಯಾರ್ಕಿನ ಗವರ್ನರ್. ಕಮಿಷನ್ನಿನ ಅಧ್ಯಕ್ಷ ಜಾರ್ಜ್ ಪರ್ಕಿನ್ಸ್ ಅನ್ನೋರು ಬ್ಯಾಂಕರ್ ಜೆ. ಪಿ. ಮಾರ್ಗನ್ ಹತ್ತಿರ ಹೋಗಿ ಸುಮಾರು ಒಂದೂಕಾಲು ಲಕ್ಷ ಡಾಲರ್ ತಂದರು, ಕ್ವಾರಿ ಕೊಂಡರು. ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಸಿಡಿತ ನಿಂತಿತು.

ಅಪ್ಪ ಎಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, 'ಇಲ್ಲಿ ನಿಲ್ಸಿದ್ರು, ಸರಿ. ನ್ಯೂಯಾರ್ಕಿನಲ್ಲಿ ರಸ್ತೆ ಹಾಕೋದು ನಿಲ್ಸಿದ್ರಾ ಕೇಳು' ಅಂದ.

ನಾನು ಕೇಳಿದೆ. ಮೇಷ್ಟ್ರು ವ್ಯಾನಿನ ಇಂಜಿನ್ ಆರಿಸಿಯೇ ಬಿಟ್ಟರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಎಷ್ಟೋ ಕಡಿಮೆ ಅಂದರು. ಇಲ್ಲ, ನಿಲ್ಲಿಸಲಿಲ್ಲ. ನದಿಯ ಮೇಲ್ಗಡೆ ನಯಾಕ್ ಹತ್ತಿರದ ಹುಕ್ ಮೌಂಟನ್‌ನಲ್ಲಿ ಒಡೆದರು, ಮುಂದೆ ಅದನ್ನೂ ಪಾರ್ಕಿಗೆ ಸೇರಿಸಿಕೊಂಡಾಯ್ತು. ಇನ್ನೂ ಬೇರೆ ಬೇರೆ ಕಡೆ ಒಡೆದರು. ಇದೇ ಕಲ್ಲಿನ ಪದರ ನೆಲದೊಳಗೆ ದಕ್ಷಿಣಕ್ಕೆ ಹೋಗಿ ಪ್ರಿನ್ಸ್‌ಟನ್ ಹತ್ತಿರ ರಾಕಿ ಹಿಲ್‌ನಲ್ಲಿ ಮತ್ತೆ ಮೇಲೇಳುತ್ತಂತೆ, ಅಲ್ಲಿ ಕಿಂಗ್ಸ್‌ಟನ್ ಕ್ವಾರಿ ಇದೆ. ನಮ್ಮನೆಯಿಂದ ಹತ್ತು ನಿಮಿಷ! ಅದರ ಪಕ್ಕದಲ್ಲೇ ಎಷ್ಟು ಸಲ ಹೋಗಿದೀನೋ ಲೆಕ್ಕವಿಲ್ಲ.

ಮಧ್ಯಾಹ್ನ ಸ್ಟೇಟ್ ಲೈನ್ ಲುಕ್‌ಔಟ್‌ನಲ್ಲಿ ಪುಳಿಯೋಗರೆ ಬಿಚ್ಚಿದೆವು (ಮೇಷ್ಟ್ರಿಗೂ ಕೊಟ್ಟೆವು, ಕಡಲೇಬೀಜ ಬಹಳ ಇಷ್ಟವಾಯ್ತು). 532 ಅಡಿ ಎತ್ತರ, ಇಡೀ ಸಾಲಿನಲ್ಲಿ ನೆತ್ತಿ ಅಂದ್ರೆ ಇದೇ. 2012ರ ಮೇ ತಿಂಗಳಲ್ಲಿ ಇಲ್ಲೇ ಪಕ್ಕದಲ್ಲಿ ಸಾವಿರಾರು ಟನ್ ಬಂಡೆ ತಾನಾಗೇ ಕುಸಿದು ಬಿದ್ದಾಗ, ಹತ್ತಿರದ ಲಾಮಾಂಟ್-ಡೊಹರ್ಟಿ ಸಂಶೋಧನಾ ಕೇಂದ್ರದ ಭೂಕಂಪ ಅಳೆಯೋ ಯಂತ್ರಗಳಲ್ಲಿ ದಾಖಲಾಗಿತ್ತಂತೆ. ಮೇರಿ ಥಾರ್ಪ್ ಅನ್ನೋ ಮಹಾತಾಯಿ ಅಟ್ಲಾಂಟಿಕ್ ಸಮುದ್ರದ ತಳದ ನಕ್ಷೆ ಬರೆದಿದ್ದು ಅದೇ ಕೇಂದ್ರದಲ್ಲಿ ಕೆಲಸ ಮಾಡ್ತಾ. ಮಹಿಳಾ ಒಕ್ಕೂಟದವರ ನೆನಪಿಗೆ 1929ರಲ್ಲಿ ಕಟ್ಟಿದ ಪುಟ್ಟ ಕೋಟೆಯಂಥ ಕಟ್ಟಡ ಅಲ್ಲಿಂದ ಕಾಡಿನೊಳಗೆ ನಡೆದು ಹೋಗಿ ನೋಡಬೇಕು, ಅಪ್ಪನ ಮಂಡಿ ಒಪ್ಪಲಿಲ್ಲ. ಹದ್ದುಗಳು ನಮ್ಮ ಕಾಲ ಕೆಳಗೆ ಹಾರ್ತಾ ಇದ್ದವು. ಎದುರು ದಡ ತೋರಿಸಿ, 'ಆ ಪರ್ಕಿನ್ಸ್ ಮನೆ ಆ ಕಡೇನೇ, ಬ್ರಾಂಕ್ಸಿನ ರಿವರ್‌ಡೇಲ್‌ನಲ್ಲಿ, ನದಿಗೆ ಎದುರಾಗಿ' ಅಂದರು ಮೇಷ್ಟ್ರು. ಅಪ್ಪ, 'ಹಂಗಾದ್ರೆ ಕಿಟಕಿಯಿಂದ ಕಾಣ್ತಿತ್ತು' ಅಂದ. ಅಷ್ಟೇ.

ಮೂರು ಗಂಟೆಗೆ ಮೇಷ್ಟ್ರು, 'ಪಟ್ಟಿಯಲ್ಲಿಲ್ಲದ ಒಂದು ಜಾಗ ಇದೆ, ನಿಮ್ಮ ದಾರಿಯಲ್ಲೇ, ನನ್ನ ಹಿಂದೆ ಬನ್ನಿ' ಅಂದರು. ಫೋರ್ಟ್ ಲೀಯಲ್ಲಿ ನಮ್ಮ ಕಾರು ತೆಗೆದುಕೊಂಡು ಹಿಂದೆ ಹೋದೆವು. ಬಂದಿದ್ದು ಸೆಕಾಕಸ್‌ಗೆ!

ಟರ್ನ್‌ಪೈಕಿನ ಈಸ್ಟರ್ನ್ ಸ್ಪರ್‌ನಲ್ಲಿ ಓಡಾಡಿದವರೆಲ್ಲ ಈ ಕಲ್ಲನ್ನ ನೋಡೇ ಇರ್ತೀರಿ, ಜೌಗಿನ ನಡುವೆ ಮುರಿದ ಹಲ್ಲಿನ ಹಾಗೆ ನಿಂತಿದೆಯಲ್ಲ, ಮೇಲೆಲ್ಲ ಕಾಲೇಜು ಹುಡುಗರು ಪೇಂಟ್ ಬಳಿದಿದಾರೆ. ಅದರ ಹೆಸರು ಸ್ನೇಕ್ ಹಿಲ್, ಮರ್ಯಾದೆಗೆ ಲಾರೆಲ್ ಹಿಲ್. ಪ್ಯಾಲಿಸೇಡ್ಸ್‌ನ ತಮ್ಮ, ಅದೇ ಕಾಲದ ಅದೇ ಜಾತಿ ಕಲ್ಲು. ಒಂದು ಕಾಲಕ್ಕೆ ಇನ್ನೂರು ಅಡಿ ಎತ್ತರದ ಪೂರ್ತಿ ಗುಡ್ಡ, ಬಹುಪಾಲು ಜಲ್ಲಿಯಾಗಿ ಹೋಗಿ ಈಗ ಉಳಿದಿರೋದು ತುಂಡು. ಇದರ ಬುಡದಲ್ಲಿ ಹಿಂದೆ ಇದ್ದಿದ್ದು ಜೈಲು, ಹುಚ್ಚಾಸ್ಪತ್ರೆ, ಗತಿಯಿಲ್ಲದವರ ಮನೆ. ಟರ್ನ್‌ಪೈಕಿಗೆ ಹೊಸ ಎಕ್ಸಿಟ್ ಮಾಡೋಕೆ 2003ರಲ್ಲಿ ಅಗೆದಾಗ ಅವರ ಸ್ಮಶಾನದಿಂದ ಸಾವಿರಾರು ಅಸ್ಥಿಪಂಜರ ತೆಗೆದು ಬೇರೆ ಕಡೆ ಮಣ್ಣು ಮಾಡಬೇಕಾಯ್ತಂತೆ. ಈ ಗುಡ್ಡಕ್ಕೋಸ್ಕರ ಯಾವ ಬ್ಯಾಂಕರ್ರೂ ಚೆಕ್ ಬರೀಲಿಲ್ಲ.

ಅಪ್ಪ ಕಾರಿಂದ ಇಳಿದು, ಕೋಲು ಊರಿಕೊಂಡು, ಒಡೆದ ಮುಖದ ಹತ್ತಿರ ಹೋದ. ಎಲ್ಲಿಂದ ಎಲ್ಲಿಗೆ ಕುಳಿ ಹೊಡೆದಿರಬೇಕು, ಮದ್ದು ಎಷ್ಟು ಹಿಡಿದಿರಬೇಕು ಅಂತ ಕೋಲಿನಲ್ಲೇ ತೋರಿಸಿದ. ಮೇಷ್ಟ್ರು ಪಾಠ ಕೇಳೋ ಹುಡುಗನ ಹಾಗೆ ನಿಂತಿದ್ದರು. ಆಮೇಲೆ ಅಪ್ಪ ನನ್ನ ಕಡೆ ತಿರುಗದೇ ಹೇಳಿದ, 'ನಮ್ಮೂರಲ್ಲೂ ಹೆಂಗಸ್ರೇ ಬಂದಿದ್ದು ಕಣೋ.'

ನಮ್ಮೂರ ಪಕ್ಕ ಕರಿಗುಡ್ಡ ಅಂತ ಇತ್ತು ಅನ್ನೋದು ನನಗೆ ಗೊತ್ತಿದ್ದಿದ್ದು ಹೆಸರಿನಲ್ಲಿ ಮಾತ್ರ. ನಾನು ನೋಡಿರೋದು ಅಲ್ಲಿರೋ ಹೊಂಡ, ಈಜು ಕಲಿತಿದ್ದೇ ಅದರಲ್ಲಿ. ನಾನು ನಾಲ್ಕು ವರ್ಷದವನಿದ್ದಾಗ ಹೋಬಳಿ ರಸ್ತೆಗೆ ಮಂಜೂರಾತಿ ಬಂತಂತೆ, ಅಪ್ಪನಿಗೆ ಅದೇ ತಾಲೂಕಿನಲ್ಲಿ ಪೋಸ್ಟಿಂಗು. ಜಲ್ಲಿಗೆ ಯಾವ ಗುಡ್ಡ ಅಂತ ಗುರುತು ಮಾಡಿ ಬರೆದು ಕಳಿಸಿದ್ದು ಅಪ್ಪನೇ. ಗುಡ್ಡದ ಮೇಲೊಂದು ಬಸವಣ್ಣನ ಕಲ್ಲು, ಮಳೆ ಹೋದ ವರ್ಷ ಅಲ್ಲಿ ಪರ ಮಾಡ್ತಿದ್ರು. ಕುಳಿ ಹೊಡೆಯೋಕೆ ಶುರು ಮಾಡಿದ ದಿನ ಏಳೆಂಟು ಜನ ಹೆಂಗಸರು ಬಂದು, ಇನ್ನೊಂದು ಫರ್ಲಾಂಗು ಆಚೆ ಒಡೀರಿ ಸ್ವಾಮಿ, ಅಲ್ಲೂ ಕಲ್ಲೇ ಇದೆ ಅಂದರಂತೆ. 'ಅಲ್ಲೂ ಕಲ್ಲಿತ್ತು, ನಿಜ. ಲಾರಿ ದಾರಿ ಇರ್ಲಿಲ್ಲ. ಎಸ್ಟಿಮೇಟು ಬದಲಾಯಿಸ್ಬೇಕಿತ್ತು. ಆರ್ಡರ್ ಮೇಲಿಂದ ಬಂದಿದೆ ಅಂದ್ಬಿಟ್ಟೆ.' ಸ್ವಲ್ಪ ತಡೆದು, 'ಅದ್ರಲ್ಲಿ ನಿಮ್ಮಜ್ಜಿನೂ ಇದ್ಲು' ಅಂದ.

ಅಜ್ಜಿ ಸಾಯೋವರೆಗೂ ಆ ರಸ್ತೆಯಲ್ಲಿ ಬಸ್ಸು ಹತ್ತಿದವಳಲ್ಲ. ಸಂತೆಗೆ ಕೆರೆ ಏರಿ ಮೇಲೆ ನಡೆದೇ ಹೋಗೋಳು. ಬಸ್ಸಿನ ವಾಸನೆ ಆಗಲ್ಲ ಅವಳಿಗೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದೇ ಬಸ್ಸಿನಲ್ಲಿ ಕೂತು ನಾನು ಹೈಸ್ಕೂಲಿಗೆ ಹೋಗಿದ್ದು, ಅಲ್ಲಿಂದ ಕಾಲೇಜು, ಬೆಂಗಳೂರು, ನ್ಯೂ ಜೆರ್ಸಿ.

ಮೇಷ್ಟ್ರು ಏನು ಹೇಳ್ತಿದಾರೆ ಅಂತ ಕೇಳಿದರು. ಊರಿನ ಒಂದು ಕ್ವಾರಿ ವಿಷಯ ಅಂದೆ. ಅವರು ಮತ್ತೆ ಕೇಳಲಿಲ್ಲ. ದುಡ್ಡು ಕೊಡುವಾಗ ಐವತ್ತು ಡಾಲರ್ ಜಾಸ್ತಿ ಇಟ್ಟೆ, ಅಪ್ಪ ನೋಡಿದರೂ ಗುಣಾಕಾರ ಮಾಡಲಿಲ್ಲ.

ಮನೆ ಮುಟ್ಟೋ ಹೊತ್ತಿಗೆ ರಸ್ತೆ ಕೆಲಸದವರು ಹೋಗಿಯಾಗಿತ್ತು. ಅಪ್ಪ ಕಾರಿಂದಿಳಿದವನು ಒಳಗೆ ಬರದೆ ರಸ್ತೆ ಅಂಚಿನಲ್ಲಿ ಬಗ್ಗಿ ಒಂದು ನಿಂಬೆಹಣ್ಣಿನ ಗಾತ್ರದ ಕಲ್ಲು ಹೆಕ್ಕಿ ತಂದು, 'ಇದು ಅದೇ ಕಲ್ಲಾ, ಮೇಷ್ಟ್ರನ್ನ ಕೇಳು' ಅಂದ. ಫೋಟೋ ಕಳಿಸಿದೆ. ಮಾರನೇ ದಿನ ಉತ್ತರ ಬಂತು - ಫೋಟೋದಲ್ಲಿ ಹೇಳೋಕಾಗಲ್ಲ, ಒಡೆದು ಒಳಮುಖ ನೋಡಬೇಕು, ಕಿಂಗ್ಸ್‌ಟನ್‌ನಿಂದ ಬಂದಿದ್ದಾದ್ರೆ ಹೌದು.

ಹೋದ ವಾರ ಅಪ್ಪ ಹೊರಟಾಗ ಸೂಟ್‌ಕೇಸು ಇಪ್ಪತ್ಮೂರು ಕೇಜಿಗಿಂತ ಸ್ವಲ್ಪ ಜಾಸ್ತಿ ತೂಗ್ತಿತ್ತು. ಬಿಚ್ಚಿ ನೋಡಿದರೆ ಪಂಚೆಯೊಳಗೆ ಸುತ್ತಿಟ್ಟಿದ್ದ ಆ ಕಲ್ಲು. 'ಏನ್ ಮಾವ, ಊರಲ್ಲಿ ಕಲ್ಲಿಗೆ ಬರಾನಾ?' ಅಂತ ನನ್ನ ಹೆಂಡತಿ ನಕ್ಕಳು. ಅಪ್ಪ ಏನೂ ಅನ್ನದೆ, ಬಾದಾಮಿ ಪೊಟ್ಟಣ ಒಂದನ್ನ ತೆಗೆದು ಟೇಬಲ್ಲಿನ ಮೇಲಿಟ್ಟು, ಮತ್ತೆ ತೂಗು ಅಂದ.