ಪ್ಯಾಡಿನೊಳಗಣ ಹಲಗಿ
ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವೆಂಬ ಆಟವೂ ಅದನ್ನು ಹಾಡಿ ಆಡಿದ ಕೌಜಲಗಿ ನಿಂಗಮ್ಮನ ಕಂಠವೂ ಪ್ರಸಿದ್ಧಿಗೆ ತಂದ ಗೋಕಾಕ ಸೀಮೆಯಲ್ಲಾಗಲಿ, ನೆರೆಯ ಮೂಡಲಗಿ, ಹುಕ್ಕೇರಿಗಳ ಜಾತ್ರೆಗಳಲ್ಲಾಗಲಿ, ಹಲಗಿಯ ನಾದವನ್ನು ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್ ಎಂಬ ವಿದ್ಯುನ್ಮಾನ ತಾಳವಾದ್ಯದ 9 ಪ್ಯಾಡುಗಳಲ್ಲಿ ತುಂಬಬಯಸುವ ವಾದಕನು ಮೊದಲು ಅರಿಯಬೇಕಾದುದು, ಒಂದೇ ಪ್ಯಾಡಿಗೆ 2 ಧ್ವನಿಗಳನ್ನು ಹೊಂದಿಸುವ ಸೌಕರ್ಯವು ಎರಡನ್ನೂ ಪೂರ್ಣಪ್ರಮಾಣದಲ್ಲಿ ಮೊಳಗಿಸುವುದಕ್ಕಲ್ಲವೆಂಬುದನ್ನು. ಹಲಗಿಯನ್ನೂ ಡೊಳ್ಳನ್ನೂ ಒಂದೇ ಪ್ಯಾಡಿನಲ್ಲಿ ಕೂಡಿಸುವಾಗ, ಹಲಗಿಯಿಂದ ಕಡ್ಡಿಯೇಟಿನ ತೀಕ್ಷ್ಣ ಆರಂಭವನ್ನಷ್ಟೇ ಉಳಿಸಿ, ಅದರ ಮಂದ್ರಾಂಶವನ್ನು ತಗ್ಗಿಸಿ, ಡೊಳ್ಳಿನ ಗಂಭೀರ ಅನುರಣನವನ್ನು ಅದರಡಿಗಿರಿಸಿ, ಆ ಅನುರಣನದ ಬಾಲವನ್ನು ಮುಂದಿನ ಪೆಟ್ಟಿಗೆ ತೊಡಕಾಗದಂತೆ ಕತ್ತರಿಸಿ, ಎರಡರ ಆರಂಭಬಿಂದುಗಳನ್ನೂ ಕೂಡಿಸಬೇಕು. ಕೂಡದಿದ್ದರೆ ಒಂದು ಪೆಟ್ಟು ಎರಡಾಗಿ ಕೇಳುವುದು, ಇಲ್ಲವೆ ತರಂಗಗಳು ಪರಸ್ಪರ ವಿರೋಧಿಸಿ ಡೊಳ್ಳೇ ಬಡಕಲಾಗುವುದು. ಬೆಂಕಿಗೆ ಕಾಯಿಸಿದ ಹಲಗಿಯ ಮೃದುವಾದ ಪೆಟ್ಟನ್ನೂ ಬಿರುಸಾದ ಪೆಟ್ಟನ್ನೂ (ಸೋಮಾರಿಗಳು ಬಿಟ್ಟುಬಿಡುವ ಕೆಲಸವಿದು) ಬೇರೆಬೇರೆಯಾಗಿಯೇ ಮುದ್ರಿಸಿಕೊಳ್ಳುವುದು ಲೇಸು.