ಮಂಚದ ಕಾಲಿಗೆ ನೇತುಹಾಕಿದ ಚಾರ್ಟು

ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯ್ತು. ಕಾರಣ ಅಜ್ಜಿ. ಈಗ ಆರಾಮಿದ್ದಾರೆ, ಗಾಬರಿ ಬೇಡ. ಆದರೆ ಅವರ ಜೊತೆ ಆಸ್ಪತ್ರೆಯಲ್ಲಿ ಕಳೆದ ಐದು ದಿನದ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಯಾಕೆಂದರೆ ಅದರಲ್ಲಿ ನಮ್ಮ ಮನೆಯವರ ತಪ್ಪೇ ಜಾಸ್ತಿ, ನನ್ನದೂ ಸೇರಿ.

ಅಜ್ಜಿಗೆ 76 ವರ್ಷ. ಬಿಪಿ ಮಾತ್ರೆ ಬಹಳ ಕಾಲದಿಂದ ತಗೋತಿದ್ದಾರೆ. ಈ ಬೇಸಿಗೆಯಲ್ಲಿ ಅದನ್ನು ಬದಲಾಯಿಸಿ, ಹೆಸರಿನ ಕೊನೆಗೆ 'ಎಚ್' ಅಂತ ಇರುವ ಮಾತ್ರೆ ಕೊಟ್ಟಿದ್ದರು. ಆ ಎಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್. ಮೂತ್ರದ ಜೊತೆ ಉಪ್ಪನ್ನು ಹೊರಗೆ ಹಾಕಿಸಿ ಬಿಪಿ ಇಳಿಸುವ ಔಷಧಿ. ಒಳ್ಳೆಯ ಔಷಧಿಯೇ, ಲಕ್ಷಾಂತರ ಜನ ತಗೋತಾರೆ. ಆದರೆ ಕೆಲವರಿಗೆ, ಅದರಲ್ಲೂ ವಯಸ್ಸಾದ ಹೆಂಗಸರಿಗೆ, ರಕ್ತದ ಸೋಡಿಯಂ ಇಳಿಸಿಬಿಡುತ್ತದೆ. ಮೇಲಿಂದ ನಮ್ಮದೂ ಒಂದು ಪಾಲು. ಬಿಪಿ ಇದೆ ಅಂತ ಉಪ್ಪು ಕಮ್ಮಿ, ಸೆಕೆ ಅಂತ ಊಟ ಕಮ್ಮಿ, ಸುಸ್ತು ಅಂದಾಗೆಲ್ಲ ನೀರು, ತೆಳು ಗಂಜಿ, ಎಳನೀರು.

ಮೊದಲು ತಲೆನೋವು, ವಾಕರಿಕೆ. ಆಮೇಲೆ ನಡೆಯುವಾಗ ಜೋಲಿ. ಒಂದು ಬೆಳಿಗ್ಗೆ, ಜೀವಮಾನದಲ್ಲಿ ತಾತನ ಹೆಸರನ್ನು ಬಾಯಿಬಿಟ್ಟು ಹೇಳದ ಅಜ್ಜಿ, ನನ್ನನ್ನು ಆ ಹೆಸರಿಟ್ಟು ಕರೆದರು! "ವಯಸ್ಸಾಯ್ತಲ್ಲ, ಅರಳುಮರಳು" ಅಂದರು ಎಲ್ಲರೂ. ನಾನೂ ಹೂಂ ಅಂದೆ. ಮಾರನೇ ದಿನ ಎಬ್ಬಿಸಿದರೆ ಏಳಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ 111. ಇರಬೇಕಾದದ್ದು 135ರಿಂದ 145.

ಆಸ್ಪತ್ರೆಯ ಹೆಸರು ಬೇಡ. ಐಸಿಯುನಲ್ಲಿ ಜಾಗ ಇರಲಿಲ್ಲ, ನರ್ಸ್ ಟೇಬಲಿನ ಎದುರಿನ ಮಂಚ ಕೊಟ್ಟರು. ಮೊದಲು ಮೂರು ಪರ್ಸೆಂಟ್ ಸಲೈನ್ ಹಾಕಿದರು. ಮಾಮೂಲಿ ಸಲೈನ್ 0.9 ಪರ್ಸೆಂಟ್, ಇದು ಅದಕ್ಕಿಂತ ಮೂರು ಪಟ್ಟು ಉಪ್ಪು. ಅದೂ ಬರೀ 100 ಎಂಎಲ್. ಆಮೇಲೆ ಮಾಮೂಲಿ ಬಾಟಲಿ, ಅದೂ ತೊಟ್ಟು ತೊಟ್ಟು, ತೀರಾ ನಿಧಾನ. ಬಾಗಿದ ಯೂರೋಬ್ಯಾಗ್, ಮಂಚದ ಕಾಲಿಗೆ ಒಂದು ಚಾರ್ಟು. ಒಂದು ಕಡೆ ಒಳಗೆ ಹೋಗಿದ್ದು, ಇನ್ನೊಂದು ಕಡೆ ಹೊರಗೆ ಬಂದಿದ್ದು.

ಈಗ ನಮ್ಮ ಪ್ರತಾಪ ಕೇಳಿ.

ಚಿಕ್ಕಪ್ಪ ಬಂದವರೇ "ಇಷ್ಟು ನಿಧಾನ ಹೋದರೆ ಯಾವಾಗ ಹುಷಾರಾಗೋದು?" ಅಂತ ಡ್ರಿಪ್ ಪೈಪಿನ ಮೇಲಿರುವ ಪುಟ್ಟ ಚಕ್ರ ತಿರುಗಿಸಿ ಜೋರು ಮಾಡಿದರು. ಅತ್ತೆ ಎರಡು ಎಳನೀರು ತಂದು, ಅಜ್ಜಿಗೆ ಸ್ವಲ್ಪ ಎಚ್ಚರ ಬಂದಾಗ ಚಮಚದಲ್ಲಿ ಕುಡಿಸಿದರು. ಎಳನೀರಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ಬಹಳ ಕಮ್ಮಿ. ಅಜ್ಜಿಯ ಲೆಕ್ಕದಲ್ಲಿ ಅದು ಬರೀ ನೀರು ಕುಡಿಸಿದ ಹಾಗೆ. (ಕಿಡ್ನಿ ಕೆಟ್ಟವರಿಗೆ ಕುಡಿಸಿದರೆ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಆದರೂ ಎಲ್ಲ ಆಸ್ಪತ್ರೆ ಗೇಟಿನ ಎದುರೂ ಮಾರುವುದು ಅದನ್ನೇ!) ನಾನು ಮಾಡಿದ್ದು ಇನ್ನೂ ಘನಕಾರ್ಯ. ಬ್ಯಾಗ್ ತುಂಬಿದೆ, ಪಾಪ ಸಿಸ್ಟರಿಗೆ ಯಾಕೆ ಕೆಲಸ ಅಂತ ನಾನೇ ಟಾಯ್ಲೆಟ್ಟಿಗೆ ಸುರಿದು ಬಂದೆ.

"ಎಷ್ಟಿತ್ತು ಸರ್?" ಅಂದರು ಸಿಸ್ಟರ್.

"ತುಂಬಿತ್ತು ಸಿಸ್ಟರ್."

"ತುಂಬಿತ್ತು ಅಂತ ಬರಿಯೋಕಾಗಲ್ಲ ಸರ್. ಎಷ್ಟು ಎಂಎಲ್?"

ಅವರ ಮುಖ ನೋಡಿ ನನಗೂ ಸಿಟ್ಟು ಬಂತು. ಉಚ್ಚೆ ಅಳೆಯೋಕೆ ಇಷ್ಟು ರಂಪಾಟವಾ ಅಂತ ಮನಸ್ಸಲ್ಲೇ ಅಂದುಕೊಂಡೆ. ಚಕ್ರ ತಿರುಗಿದ್ದನ್ನೂ ಅವರೇ ಹಿಡಿದರು, ಗಡಿಯಾರ ನೋಡಿಕೊಂಡು ತೊಟ್ಟು ಎಣಿಸಿ. ನಾನು ಆ ಲೆಕ್ಕ ಆಮೇಲೆ ಕೇಳಿ ತಿಳಿದುಕೊಂಡೆ. ಆ ಸೆಟ್ಟಿನಲ್ಲಿ 20 ತೊಟ್ಟಿಗೆ ಒಂದು ಎಂಎಲ್. ಒಂದು ಲೀಟರ್ ಎಂಟು ಗಂಟೆಯಲ್ಲಿ ಹೋಗಬೇಕು ಅಂದರೆ ನಿಮಿಷಕ್ಕೆ ಸುಮಾರು 42 ತೊಟ್ಟು. ಅಜ್ಜಿಗೆ ಬರೆದಿದ್ದು ಅದಕ್ಕಿಂತ ಎಷ್ಟೋ ಕಮ್ಮಿ.

ರಾತ್ರಿ ಇನ್ನೊಬ್ಬರು ಸಿಸ್ಟರ್ ಬಂದರು. ನನಗಿಂತ ಚಿಕ್ಕವರು. 16 ಮಂಚಕ್ಕೆ ಅವರೊಬ್ಬರೇ. ಗಂಟೆಗೊಂದು ಸಲ ಬಂದು ಬ್ಯಾಗ್ ನೋಡುವುದು, ಬರೆಯುವುದು, ಡ್ರಿಪ್ ಹಾಕಿದ ಕೈ ಊದಿದೆಯಾ ಮುಟ್ಟಿ ನೋಡುವುದು. ಜೊತೆಗೆ ಅಜ್ಜಿಯ ಭುಜ ತಟ್ಟಿ "ಅಜ್ಜಿ, ಇದ್ಯಾವ ಊರು ಹೇಳಿ? ಇವತ್ತು ಯಾವ ವಾರ?" ಅಂತ ಕೇಳುವುದು. ನಿದ್ದೆ ಮಾಡೋಕೂ ಬಿಡಲ್ಲವಲ್ಲ ಅಂತ ಅಜ್ಜಿಯೂ ಗೊಣಗಿದರು, ನಾನೂ ಗೊಣಗಿದೆ.

ಒಂದು ಗಂಟೆ ಸುಮಾರಿಗೆ ಅವರು ಬ್ಯಾಗ್ ನೋಡಿ ಹಾಗೇ ನಿಂತರು. ಅಲ್ಲಿಯವರೆಗೆ ಗಂಟೆಗೆ 40, 50 ಎಂಎಲ್ ಬರುತ್ತಿದ್ದದ್ದು ಒಂದೇ ಗಂಟೆಯಲ್ಲಿ 350 ಬಂದಿತ್ತು. ಬಣ್ಣವೇ ಇಲ್ಲ, ನಲ್ಲಿ ನೀರಿನ ಹಾಗೆ. ನನಗೆ ಖುಷಿ! ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ. ಅವರು ಮಾತಾಡದೆ ಫೋನ್ ಎತ್ತಿ ಡ್ಯೂಟಿ ಡಾಕ್ಟರನ್ನು ಕರೆಸಿದರು. ರಕ್ತ ಹೋಯ್ತು. ಸೋಡಿಯಂ 119.

ಮಧ್ಯಾಹ್ನ 111, ಸಂಜೆ 114, ಈಗ 119. ಏರಿದೆಯಲ್ಲ, ಒಳ್ಳೆಯದೇ ಆಯ್ತಲ್ಲ ಅಂದೆ. ಡಾಕ್ಟರು ಸಲೈನ್ ನಿಲ್ಲಿಸಿ, ಉಪ್ಪಿಲ್ಲದ ಡೆಕ್ಸ್‌ಟ್ರೋಸ್ ಬಾಟಲಿ ಹಾಕಿಸಿದರು. ಕಿಡ್ನಿ ನೀರು ಬಿಡುವುದನ್ನು ತಡೆಯುವ ಡೆಸ್ಮೋಪ್ರೆಸಿನ್ ಇಂಜೆಕ್ಷನ್ ಕೊಟ್ಟರು. ಅಂದರೆ ಏರಿದ್ದನ್ನು ಬೇಕಂತಲೇ ಹಿಡಿದು ನಿಲ್ಲಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಬಿಡಿಸಿ ಹೇಳಿದರು. ಸೋಡಿಯಂ ದಿನಗಟ್ಟಲೆ ಇಳಿದಾಗ ಮೆದುಳಿನ ಜೀವಕೋಶಗಳು ಅದಕ್ಕೆ ಹೊಂದಿಕೊಂಡು, ಊದಿಕೊಳ್ಳದಿರಲಿ ಅಂತ ತಮ್ಮೊಳಗಿನ ಲವಣಗಳನ್ನು ಹೊರಗೆ ಹಾಕಿರುತ್ತವೆ. ಆಮೇಲೆ ರಕ್ತದ ಸೋಡಿಯಂ ಸರ್ರನೆ ಏರಿದರೆ ಅವುಗಳ ನೀರು ಹೊರಗೆ ಎಳೆದುಕೊಂಡು, ನರಗಳ ಮೇಲಿನ ಮೈಲಿನ್ ಹೊದಿಕೆ ಕಳಚುತ್ತದೆ. ಅದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ರೋಗಿ ಎದ್ದು ಕೂತು ಮಾತಾಡಿರುತ್ತಾರೆ. ಎರಡರಿಂದ ಆರು ದಿನ ಕಳೆದ ಮೇಲೆ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಬೀಳುತ್ತದೆ. ಕೆಲವರಿಗೆ ಅದು ವಾಪಸ್ ಬರುವುದೇ ಇಲ್ಲ. ಅದಕ್ಕೇ 24 ಗಂಟೆಯಲ್ಲಿ 8, ಹೆಚ್ಚೆಂದರೆ 10 ಏರಬಹುದು ಅನ್ನುವ ಮಿತಿ. ಅಜ್ಜಿ ಅರ್ಧ ದಿನದಲ್ಲೇ 8 ಏರಿದ್ದರು. ಮಾತ್ರೆ ನಿಂತು, ಮೈಗೆ ಒಂದಿಷ್ಟು ಉಪ್ಪು ನೀರು ಸಿಕ್ಕ ತಕ್ಷಣ, ಅಲ್ಲಿಯವರೆಗೆ ನೀರು ಹಿಡಿದಿಟ್ಟುಕೊಂಡಿದ್ದ ಕಿಡ್ನಿ ಒಮ್ಮೆಲೇ ಬಿಟ್ಟುಬಿಡುತ್ತದಂತೆ. ಆಗ ಸೋಡಿಯಂ ತಾನಾಗಿಯೇ ಏರುತ್ತದೆ. ಅದರ ಮೊದಲ ಸುಳಿವು ಲ್ಯಾಬ್ ರಿಪೋರ್ಟಲ್ಲ, ಬ್ಯಾಗಿನಲ್ಲಿ ಏಕಾಏಕಿ ಏರುವ ನೀರು. ಮುಂದಿನ ರಕ್ತ ಪರೀಕ್ಷೆ ಬರೆದಿದ್ದು ಬೆಳಿಗ್ಗೆ ಆರಕ್ಕೆ. ನಡುವೆ ಐದು ಗಂಟೆ. ನಾನು ಮತ್ತೊಮ್ಮೆ 'ಸಹಾಯ' ಮಾಡಿ ಬ್ಯಾಗ್ ಸುರಿದಿದ್ದರೆ?

ಚಿಕ್ಕಪ್ಪ ತಿರುಗಿಸಿದ ಚಕ್ರದ ಪಾಲು ಇದರಲ್ಲಿ ಎಷ್ಟಿತ್ತೋ, ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.

ನಾನು ಹೇಳಬೇಕೆಂದಿದ್ದು ಇಷ್ಟೇ. ನೀರು-ಲವಣದ ಕಾಯಿಲೆಯಲ್ಲಿ ಡಾಕ್ಟರು ಬರೆಯುವುದು ದಿನಕ್ಕೆ ಎರಡು ಮೂರು ಸಲ. ಉಳಿದ ಇಪ್ಪತ್ತಮೂರು ಗಂಟೆ ಚಿಕಿತ್ಸೆ ನಡೆಯುವುದು ನರ್ಸ್ ಕೈಯಲ್ಲಿ. ನಾವು ಮಾತ್ರ ಅವರನ್ನು ಇಂಜೆಕ್ಷನ್ ಚುಚ್ಚುವವರು, ಬೆಡ್‌ಶೀಟ್ ಬದಲಾಯಿಸುವವರು ಅಂದುಕೊಂಡಿದ್ದೇವೆ. ಡಾಕ್ಟರ ಎದುರು ಕೈಕಟ್ಟಿ ನಿಲ್ಲುವ ನಾವೇ ಸಿಸ್ಟರ್ ಎದುರು ದನಿ ಏರಿಸುತ್ತೇವೆ.

ಪಕ್ಕದ ಮಂಚದಲ್ಲಿ ವಾಂತಿಭೇದಿಯಾಗಿ ಪೊಟ್ಯಾಸಿಯಂ ಇಳಿದಿದ್ದ ಒಬ್ಬರಿದ್ದರು. ಪೊಟ್ಯಾಸಿಯಂ ಕ್ಲೋರೈಡಿನ 10 ಎಂಎಲ್ ಆಂಪ್ಯೂಲ್ ನೋಡಲು ಬೇರೆ ಆಂಪ್ಯೂಲುಗಳ ಹಾಗೇ ಇರುತ್ತದೆ. ಅದನ್ನು ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಇಂಥ ಗಟ್ಟಿ ದ್ರಾವಣಗಳನ್ನು ಪ್ರತ್ಯೇಕವಾಗಿ, ಹುಷಾರಾಗಿ ಇಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಸಿಸ್ಟರ್ ಹೆಸರನ್ನು ಎರಡು ಸಲ ಓದಿ, ಅವರಿಗೆ ಮೂತ್ರ ಹೋಗುತ್ತಿದೆಯಾ ಕೇಳಿಕೊಂಡು, ಬಾಟಲಿಗೆ ಬೆರೆಸಿ, ತಲೆಕೆಳಗು ಮಾಡಿ ಮಾಡಿ ಕಲಸಿದರು. ಸರಿಯಾಗಿ ಕಲಸದಿದ್ದರೆ ಮೊದಲ ತೊಟ್ಟುಗಳಲ್ಲೇ ಪೊಟ್ಯಾಸಿಯಂ ಗಟ್ಟಿಯಾಗಿ ಹೋಗಬಹುದು. ಆ ಮನುಷ್ಯನ ಮಗ ಪಕ್ಕದಲ್ಲಿ ನಿಂತು "ಬೇಗ ಹಾಕಿ ಮೇಡಂ, ಅದೇನ್ ಆಟ ಆಡ್ತಿದ್ದೀರಾ" ಅಂದ. ಒಂದು ದಿನ ಮೊದಲಾಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಆಫೀಸಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ಬ್ಯಾಗಿಗೆ ಒಂದು ಸೆನ್ಸರ್ ಹಾಕಿ, ಆ್ಯಪಿಗೆ ಅಲರ್ಟ್ ಕಳಿಸಿದರೆ ಆಯ್ತು" ಅಂದ. ನಮ್ಮ ಜಾತಿಯೇ ಅಷ್ಟು :) ಮಾಡಬಹುದು, ಮಾಡಲಿ. ಇನ್‌ಫ್ಯೂಷನ್ ಪಂಪ್ ಇದ್ದರೆ ಚಿಕ್ಕಪ್ಪನ ಚಕ್ರದ ಕಾಟವೂ ಇರುವುದಿಲ್ಲ. ಆದರೆ ಒಂದು ಗಂಟೆ ರಾತ್ರಿಯಲ್ಲಿ "ಇವತ್ತು ಯಾವ ವಾರ" ಅಂತ ಕೇಳುವುದೂ ಒಂದು ಅಳತೆ. ಸಂಜೆ "ಭಾನುವಾರ" ಅಂದವರು ರಾತ್ರಿ ಸುಮ್ಮನೆ ನೋಡುತ್ತಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಅದಕ್ಕೆ ಸಂಜೆಯೂ ಕೇಳಿದವರು ಬೇಕು, ಅಥವಾ ಕೇಳಿದ್ದನ್ನು ಬರೆದಿಟ್ಟವರು ಬೇಕು.

ಇನ್ನು ಸಂಬಳದ ವಿಷಯ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000ಕ್ಕಿಂತ ಕಮ್ಮಿ ಇರಬಾರದು ಅಂದಿತು. ಅಷ್ಟು ಕೊಡಿ ಅನ್ನೋಕೆ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯ್ತು! ನನ್ನ ಮೊದಲ ಕೆಲಸದ ಸಂಬಳ ಅದಕ್ಕಿಂತ ಜಾಸ್ತಿ ಇತ್ತು, ನನ್ನ ತಪ್ಪಿನಿಂದ ಬಿದ್ದಿದ್ದು ಒಂದು ವೆಬ್‌ಸೈಟ್ ಮಾತ್ರ. 16 ಮಂಚಕ್ಕೆ ಒಬ್ಬರನ್ನು ನಿಲ್ಲಿಸಿ, ಗಂಟೆಗೊಮ್ಮೆ ಚಾರ್ಟ್ ಬರೆಯಿರಿ ಅಂದರೆ ಕೆಲವು ಸಲ ಚಾರ್ಟಿನಲ್ಲಿ ಅಂದಾಜೇ ಇರುತ್ತದೆ. ಆ ತಪ್ಪನ್ನು ನಾನು ನರ್ಸ್ ತಲೆಗೆ ಕಟ್ಟಲಾರೆ.

ಹಾಗಂತ ಮನೆಯವರನ್ನೆಲ್ಲ ಹೊರಗೆ ಕಳಿಸಿ ಅಂತಲೂ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗೆ ಕಾಲರಾ ಬಡಿದಾಗ, ಬಂಗಾಳದ ಗಡಿಯ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಗಳ ಮನೆಯವರ ಕೈಯಲ್ಲೇ ಲೋಟದಿಂದ ಕುಡಿಸಿದರು. ಸಾವು ಶೇ. 30ರ ಹತ್ತಿರದಿಂದ ಶೇ. 3.6ಕ್ಕೆ ಇಳಿಯಿತು. ಅಲ್ಲಿ ಕುಡಿಸಿದವರು ನಮ್ಮ ಅತ್ತೆಯಂಥವರೇ. ಏನು, ಎಷ್ಟು, ಯಾಕೆ ಅಂತ ಅವರಿಗೆ ಯಾರೋ ಹೇಳಿದ್ದರು, ಅಷ್ಟೇ ವ್ಯತ್ಯಾಸ. ನಮಗೆ ಅಡ್ಮಿಟ್ ಮಾಡಿಕೊಳ್ಳುವಾಗ ಅಡ್ವಾನ್ಸ್ ಎಷ್ಟು ಅಂತ ಹೇಳಿದರು, ಕ್ಯಾಂಟೀನ್ ಎಲ್ಲಿದೆ ಅಂತ ಹೇಳಿದರು. ಬ್ಯಾಗ್ ಸುರಿಯಬೇಡಿ, ಚಕ್ರ ಮುಟ್ಟಬೇಡಿ, ಕೇಳದೆ ಏನೂ ಕುಡಿಸಬೇಡಿ ಅನ್ನುವ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಕೆ ಎಷ್ಟು ಖರ್ಚು?

ಎರಡನೇ ದಿನದಿಂದ ಚಾರ್ಟನ್ನು ನಾನೂ ನೋಡಲು ಶುರು ಮಾಡಿದೆ. ಲೋಟದಲ್ಲಿ ಎಷ್ಟು ಹಿಡಿಯುತ್ತದೆ ಅಂತ ಸಿಸ್ಟರ್ ಅಳೆದು ತೋರಿಸಿದರು, 150 ಎಂಎಲ್. ದಿನಾ ಬೆಳಿಗ್ಗೆ ಆರಕ್ಕೆ, ತಿಂಡಿಗೆ ಮೊದಲು, ಒಂದೇ ತೂಕದ ಯಂತ್ರದ ಮೇಲೆ ಅಜ್ಜಿಯನ್ನು ನಿಲ್ಲಿಸುತ್ತಿದ್ದರು. ಒಂದು ದಿನದಲ್ಲಿ ಒಂದು ಕೆಜಿ ವ್ಯತ್ಯಾಸ ಬಂದರೆ ಅದು ಒಂದು ಲೀಟರ್ ನೀರು ಅಂತ ಲೆಕ್ಕ. ನಾಲ್ಕನೇ ದಿನ ಅಜ್ಜಿ ಪೂರ್ತಿ ಎಚ್ಚರಾಗಿ, ಈ ಹುಡುಗಿ ಎಷ್ಟು ಸಲ ವಾರ ಕೇಳ್ತಾಳೆ, ಮನೇಲಿ ಕ್ಯಾಲೆಂಡರ್ ಇಲ್ವಾ ಅಂತ ಬೈದರು. ಸಿಸ್ಟರ್ ನಕ್ಕರು. ನಾನು ಥ್ಯಾಂಕ್ಸ್ ಹೇಳೋಣ ಅಂದುಕೊಂಡು ಡಿಸ್ಚಾರ್ಜ್ ದಿನ ಹೋದರೆ ಅವರಿಗೆ ಬೇರೆ ವಾರ್ಡಿಗೆ ಡ್ಯೂಟಿ ಹಾಕಿದ್ದರು.

'ಎಚ್' ಇರುವ ಮಾತ್ರೆ ನಿಂತಿದೆ. ಕಳೆದ ವಾರದ ಪರೀಕ್ಷೆಯಲ್ಲಿ ಸೋಡಿಯಂ 136. ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಅಜ್ಜಿಯ ತೂಕವನ್ನು ಅತ್ತೆ ದಿನಾ ಬರೆಯುತ್ತಿದ್ದಾರೆ.